ದುರಸ್ತಿಯ ಪಕ್ಕದಲ್ಲಿ ಹುಟ್ಟಿದ ತುಕ್ಕು

ಕಾಂಕ್ರೀಟಿನ ಕಂಬದಲ್ಲಿ ವಿದ್ಯುತ್ತಿದೆ ಎಂದು ಮೊದಲ ಸಲ ಕೇಳಿದಾಗ ನಾನು ನಂಬಿರಲಿಲ್ಲ. ವೈರಿನಿಂದ ಸೋರಿ ಬಂದ ವಿದ್ಯುತ್ತಲ್ಲ. ಕಂಬದೊಳಗಿನ ಕಬ್ಬಿಣ ತಾನೇ ಹುಟ್ಟಿಸುವ ವಿದ್ಯುತ್ತು. ಮುಟ್ಟಿದರೆ ತಿಳಿಯದಷ್ಟು ಸಣ್ಣದು, ಅಳೆದರೆ ಸಿಗುವಷ್ಟು ನಿಜವಾದದ್ದು. ಮುಂಬಯಿಯ ಕಟ್ಟಡಗಳ ತುಕ್ಕನ್ನು ಪರೀಕ್ಷಿಸುವ ಖಾಸಗಿ ಪ್ರಯೋಗಾಲಯವೊಂದಕ್ಕೆ ರಸಾಯನಶಾಸ್ತ್ರದ ಪದವಿ ಹಿಡಿದು ಸೇರಿದೆ, ಅಲ್ಲಿಂದಲೇ ನಿವೃತ್ತಳಾದೆ. ನಡುವೆ ಸಿಕ್ಕ ಬಡ್ತಿಗಳ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಆ ವಿದ್ಯುತ್ತಿನ ಬಗ್ಗೆ ಇದೆ. ಈಗ ಈ ಕೆಲಸಕ್ಕೆ ಬರುತ್ತಿರುವವರು ಪರದೆಯ ಮೇಲಿನ ಅಂಕಿ ನೋಡಿ ಮುಂದಿನ ಗೋಡೆಗೆ ಹೋಗಿಬಿಡುತ್ತಾರೆ. ಅಂಕಿ ಏನು ಹೇಳುತ್ತಿದೆ ಎಂದು ನಿಂತು ಕೇಳಿದರೆ ಸಿಗುವ ಬೆರಗನ್ನು ಅವರಿಗಾಗಿ ಬರೆದಿಡುತ್ತಿದ್ದೇನೆ.

ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ನಾನು ಉತ್ಕರ್ಷಣ, ಅಪಕರ್ಷಣ ಎಂಬ ಪದಗಳನ್ನು ಬಾಯಿಪಾಠ ಮಾಡಿದ್ದೆ. ಆಮ್ಲಜನಕ ಸೇರಿದರೆ ಉತ್ಕರ್ಷಣ, ಬಿಟ್ಟುಹೋದರೆ ಅಪಕರ್ಷಣ. ಕಾಲೇಜಿಗೆ ಬರುವ ಹೊತ್ತಿಗೆ ವ್ಯಾಖ್ಯೆ ಬದಲಾಯಿತು: ಎಲೆಕ್ಟ್ರಾನ್ ಕಳೆದುಕೊಳ್ಳುವುದು ಉತ್ಕರ್ಷಣ, ಪಡೆಯುವುದು ಅಪಕರ್ಷಣ. ಎರಡು ವ್ಯಾಖ್ಯೆಯನ್ನೂ ಬರೆದು ಅಂಕ ಪಡೆದೆ. ಆದರೆ ಅವು ಎರಡು ಬೇರೆ ಬೇರೆ ಘಟನೆಗಳೆಂದೇ ತಿಳಿದಿದ್ದೆ.

ನಮ್ಮ ಪ್ರಯೋಗಾಲಯ ಅಂಧೇರಿಯಲ್ಲಿ, ಸಣ್ಣ ಕಾರ್ಖಾನೆಗಳಿಗೆ ಬಾಡಿಗೆಗೆ ಕೊಡುವ ಗಾಲಾವೊಂದರಲ್ಲಿ, ಎರಡನೇ ಮಾಳಿಗೆಯಲ್ಲಿತ್ತು. ಮುಖ್ಯಸ್ಥರು ಸಾಮಂತ್ ಸರ್. ಮನೆಮಾತು ಮರಾಠಿ, ಗದರುವುದು ಕಡಿಮೆ, ಕಾಯುವುದು ಹೆಚ್ಚು. ಸೇರಿದ ವಾರ ಅವರು ನನ್ನನ್ನು ಕರೆದು ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ನೀಲಿ ದ್ರಾವಣದಲ್ಲಿ ಒಂದು ಕಬ್ಬಿಣದ ಮೊಳೆ ಹಾಕಿದರು. ಶಾಲೆಯ ಮಕ್ಕಳು ಮಾಡುವ ಪ್ರಯೋಗ. ನೋಡುತ್ತಿದ್ದಂತೆ ಮೊಳೆ ಕೆಂಪಾಯಿತು.

"ಏನಾಯಿತು?"

"ಮೊಳೆಯ ಮೇಲೆ ತಾಮ್ರ ಕೂತಿತು ಸರ್."

"ಅರ್ಧ ಹೇಳಿದೆ. ಉಳಿದರ್ಧ?"

ಅವರು ಚಹಾ ಕುಡಿದು ಮುಗಿಸುವವರೆಗೂ ಕಾದರು. "ದ್ರಾವಣದಲ್ಲಿದ್ದ ತಾಮ್ರ ಲೋಹವಾಗಬೇಕಾದರೆ ಅದಕ್ಕೆ ಎಲೆಕ್ಟ್ರಾನ್ ಬೇಕು. ಅದು ಎಲ್ಲಿಂದ ಬಂತು? ವಿರಾರ್ ಲೋಕಲ್ ಟ್ರೈನ್ ಹಿಡಿದು ಬಂತಾ?"

ಕಬ್ಬಿಣ ಕೊಟ್ಟಿತ್ತು. ಕೊಟ್ಟಷ್ಟೂ ಕರಗಿ ದ್ರಾವಣಕ್ಕೆ ಇಳಿದಿತ್ತು. ಕಣ್ಣಿಗೆ ಕಂಡ ತಾಮ್ರವನ್ನು ನಾನು ಹೇಳಿದ್ದೆ, ಕಾಣದೆ ಹೋದ ಕಬ್ಬಿಣವನ್ನು ಬಿಟ್ಟಿದ್ದೆ. "ಕೊಡುವವರಿಲ್ಲದೆ ತೆಗೆದುಕೊಳ್ಳುವವರಿಲ್ಲ," ಎಂದರು ಸಾಮಂತ್ ಸರ್. "ನಮ್ಮ ವರದಿಯಲ್ಲಿ ಇಬ್ಬರ ಹೆಸರೂ ಇರಬೇಕು. ಒಬ್ಬರದ್ದು ಮಾತ್ರ ಇದ್ದರೆ ವಾಪಸ್ ಕಳಿಸುತ್ತೇನೆ." ಅವರು ನಿಜವಾಗಿಯೂ ವಾಪಸ್ ಕಳಿಸುತ್ತಿದ್ದರು.

ಆಗ ತುಕ್ಕು ಹುಡುಕುವ ಸಾಧನವೆಂದರೆ ಸುತ್ತಿಗೆ. ಕಂಬದ ಉದ್ದಕ್ಕೂ ಮೆಲ್ಲಗೆ ಬಡಿಯುತ್ತ ಹೋಗುವುದು. ಸದ್ದು ಟೊಳ್ಳಾದಲ್ಲಿ ಸೀಮೆಸುಣ್ಣದ ಗುರುತು. ಆ ಹೊತ್ತಿಗೆ ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಹೊರಕ್ಕೆ ದೂಡಿ ಆಗಿರುತ್ತದೆ. ಆಮೇಲೆ ಬಂದದ್ದು ಒಂದು ಪಾರದರ್ಶಕ ನಳಿಗೆ. ಅದರೊಳಗೆ ಮೈಲುತುತ್ತದ ದ್ರಾವಣ, ದ್ರಾವಣದಲ್ಲಿ ಒಂದು ತಾಮ್ರದ ಕಡ್ಡಿ, ತುದಿಯಲ್ಲಿ ಸ್ಪಂಜು. ಕಂಬದ ಒಂದು ಮೂಲೆಯಲ್ಲಿ ಕಾಂಕ್ರೀಟ್ ಒಡೆದು ಸರಳಿಗೆ ವೋಲ್ಟ್‌ಮೀಟರಿನ ಒಂದು ಕ್ಲಿಪ್ ಹಾಕಬೇಕು, ಇನ್ನೊಂದು ವೈರು ನಳಿಗೆಗೆ. ಒದ್ದೆ ಸ್ಪಂಜನ್ನು ಗೋಡೆಗೆ ಒತ್ತಿದರೆ ಅಂಕಿ ಬರುತ್ತದೆ. ಒಳಗಿನ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಡಲು ಎಷ್ಟು ಆತುರದಲ್ಲಿದೆ ಎಂಬುದನ್ನು ಅದು ಹೇಳುತ್ತದೆ. ಮೈನಸ್ ಮುನ್ನೂರೈವತ್ತು ಮಿಲಿವೋಲ್ಟ್ ದಾಟಿದರೆ ಅಲ್ಲಿ ಕಬ್ಬಿಣ ಸವೆಯುತ್ತಿದೆ ಎಂದು ತಿಳಿಯಬೇಕು. ಇನ್ನೂರರ ಒಳಗಿದ್ದರೆ ಸರಳು ಶಾಂತವಾಗಿದೆ. ಬಣ್ಣ ಬಳಿದ ಗೋಡೆಯ ಹಿಂದೆ, ಯಾರೂ ನೋಡದ ಕತ್ತಲಲ್ಲಿ ನಡೆಯುತ್ತಿರುವುದನ್ನು ಹೊರಗೆ ನಿಂತು ಓದುವುದು. ಆ ಬೆರಗು ನನಗೆ ನಿವೃತ್ತಿಯ ದಿನದವರೆಗೂ ಇಳಿಯಲಿಲ್ಲ.

ಹೊಸ ಸಾಧನ ಬಂದಾಗ ಹೊಸ ತಪ್ಪುಗಳೂ ಬರುತ್ತವೆ. ಸಹೋದ್ಯೋಗಿ ನಿತಿನ್ ಒಂದು ಆಫೀಸ್ ಕಟ್ಟಡದ ಎರಡು ಮಾಳಿಗೆ ಅಳೆದು ಬಂದ. ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಅಂಕಿ, ಎಲ್ಲವೂ ಶಾಂತ. ಸಾಮಂತ್ ಸರ್ ಹಾಳೆ ನೋಡಿ, "ಕ್ಲಿಪ್ ಎಲ್ಲಿ ಹಾಕಿದೆ?" ಎಂದರು. ಗೋಡೆ ಒಡೆಯಲು ಆಫೀಸಿನವರು ಬಿಡಲಿಲ್ಲವೆಂದು ಕಿಟಕಿಯ ಗ್ರಿಲ್ಲಿಗೆ ಹಾಕಿದ್ದ. ಗ್ರಿಲ್ಲಿಗೂ ಒಳಗಿನ ಸರಳಿಗೂ ಸಂಬಂಧವೇ ಇರಲಿಲ್ಲ. "ನೀನು ಎರಡು ದಿನ ಗ್ರಿಲ್ಲಿನ ಆರೋಗ್ಯ ವಿಚಾರಿಸಿದ್ದೀ," ಎಂದರು ಸರ್. ಯಾವ ಗೋಡೆಗೆ ಹೋದರೂ ಮೊದಲು ಕ್ಲಿಪ್ ಯಾವುದಕ್ಕೆ ಕಚ್ಚಿದೆ ಎಂದು ನೋಡಿ.

ಗ್ರಾಂಟ್ ರೋಡಿನಲ್ಲಿ ನಾನು ಚಹಾಕ್ಕೆ ಹೋಗುತ್ತಿದ್ದ ಉಡುಪಿ ಹೋಟೆಲಿನ ಮಾಲೀಕರು ಒಮ್ಮೆ ಅಡುಗೆಮನೆಗೆ ಕರೆದು ತೋರಿಸಿದರು. ಬಿಸಿನೀರಿನ ದೊಡ್ಡ ತಾಮ್ರದ ಹಂಡೆಗೆ ಕೂಡಿಸಿದ್ದ ಕಬ್ಬಿಣದ ಪೈಪು ಸೇರುವಲ್ಲೇ ತಿಂದುಹೋಗಿತ್ತು. "ಎಷ್ಟು ಸಲ ಬದಲಿಸಿದರೂ ಇಲ್ಲೇ ತೂತು ಮೇಡಂ. ಪೈಪಿನವ ಮೋಸ ಮಾಡ್ತಾನೆ." ಮೋಸ ಪೈಪಿನವನದ್ದಲ್ಲ. ಎರಡು ಲೋಹ ಒಂದೇ ನೀರಿನಲ್ಲಿ ಕೈಹಿಡಿದು ನಿಂತಾಗ ಕಬ್ಬಿಣ ಕೊಡುವ ಪಕ್ಷವಾಗುತ್ತದೆ. ತಾಮ್ರ ಹೊಳೆಯುತ್ತ ಉಳಿಯುತ್ತದೆ, ಕಬ್ಬಿಣ ಹೋಗುತ್ತದೆ. ನಡುವೆ ವಿದ್ಯುತ್ ಹರಿಯದ ನೈಲಾನ್ ತುಂಡೊಂದನ್ನು ಹಾಕಿಸಿದೆ. ಆಮೇಲೆ ಅಲ್ಲಿ ತೂತು ಬಿದ್ದ ಸುದ್ದಿ ಬರಲಿಲ್ಲ. ಬೇರೆ ಬೇರೆ ಲೋಹಗಳ ನಡುವೆ ಹೀಗಾಗುವುದು ನನಗೆ ಅರ್ಥವಾಗಿತ್ತು. ಒಂದೇ ಸರಳಿನ ಎರಡು ತುಂಡುಗಳ ನಡುವೆ ಇದೇ ವ್ಯವಹಾರ ನಡೆದು, ಒಬ್ಬ ಮನುಷ್ಯನ ಹೆಸರು ಹೋಗುವ ಹಂತಕ್ಕೆ ಬರಬಹುದೆಂದು ತಿಳಿದದ್ದು ಗೋರೆಗಾಂವ್‌ನಲ್ಲಿ.

ಅವು ನನ್ನ ಸೇವೆಯ ಕೊನೆಯ ವರ್ಷಗಳು. ಸಾಮಂತ್ ಸರ್ ಆಗಲೇ ನಿವೃತ್ತರಾಗಿದ್ದರು. ಗೋರೆಗಾಂವ್‌ನ ಒಂದು ಕಾಲನಿಯಲ್ಲಿ ಸಾಲಾಗಿ ನಿಂತ ಹಳೆಯ ನಾಲ್ಕು ಮಾಳಿಗೆಯ ಬಿಲ್ಡಿಂಗುಗಳು. ಅವುಗಳಲ್ಲೊಂದರ ನಿವಾಸಿಗಳ ಸೊಸೈಟಿ ನಮ್ಮನ್ನು ಕರೆಸಿತು. ಕಾರ್ಯದರ್ಶಿ ಜಯರಾಮ ಶೆಟ್ಟರು ಹೋಟೆಲ್ ಮ್ಯಾನೇಜರರಾಗಿ ನಿವೃತ್ತರಾದವರು, ಕಾಪು ಕಡೆಯವರು. ನಮಗೆ ಅವರು ಕೊಟ್ಟ ಕೆಲಸ ಸ್ಪಷ್ಟವಾಗಿತ್ತು. ಕೆಳಮಾಳಿಗೆಯ ಪಾರ್ಕಿಂಗಿನ ಕಂಬಗಳನ್ನು ದುರಸ್ತಿ ಮಾಡಿದ ಮೇಸ್ತ್ರಿ ಕಳಪೆ ಮಾಲು ಹಾಕಿದ್ದಾನೆಂದು ರುಜುವಾತು ಮಾಡಿಕೊಡಬೇಕು. ರುಜುವಾತಾದರೆ ಅವನ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಿ, ಕಾಲನಿಯ ಎಲ್ಲ ಸೊಸೈಟಿಗಳಿಗೂ ತಿಳಿಸುವುದೆಂದು ಸಮಿತಿ ತೀರ್ಮಾನಿಸಿತ್ತು.

ಮೇಸ್ತ್ರಿ ಬಸಪ್ಪ ಇಂಡಿ ತಾಲೂಕಿನವರು. ಊರಿನ ಕೆಲವು ಮನೆತನದವರನ್ನು ಕರೆತಂದು ಈ ಕಾಲನಿಯಲ್ಲೇ ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ಕೆಲಸ ಹಿಡಿಯುತ್ತಿದ್ದರು. ಅವರಿಗೆ ಆಫೀಸಿಲ್ಲ, ಬೋರ್ಡಿಲ್ಲ. ಒಂದು ಸೊಸೈಟಿಯವರು ಇನ್ನೊಂದಕ್ಕೆ ಹೇಳಿದ ಮಾತೇ ಅವರ ಅನ್ನ. ಆ ಮಾತು ಕೆಟ್ಟರೆ ಇಡೀ ತಂಡ ಗಂಟುಮೂಟೆ ಕಟ್ಟಬೇಕು.

ನಾವು ಹೋದ ಬೆಳಿಗ್ಗೆ ಇಬ್ಬರೂ ಪಾರ್ಕಿಂಗಿನಲ್ಲಿದ್ದರು. ಶೆಟ್ಟರು ಕಂಬ ತೋರಿಸಿದರು. ಹಿಂದಿನ ವರ್ಷ ತುಕ್ಕು ಹಿಡಿದ ಭಾಗವನ್ನು ಒಡೆದು, ಸರಳು ಉಜ್ಜಿ, ಹೊಸ ಗಾರೆ ತುಂಬಿದ ಜಾಗ ಹಾಗೇ ಇತ್ತು. ಅದರ ಮೇಲಂಚಿಗೂ ಕೆಳಂಚಿಗೂ ಅಂಟಿಕೊಂಡ ಹಳೆಯ ಕಾಂಕ್ರೀಟು ಮಾತ್ರ ಬಿರಿದು, ತುಕ್ಕಿನ ನೀರು ಇಳಿದಿತ್ತು.

"ಇವನ ಕೈಗುಣ ನೋಡಿ ಮೇಡಂ," ಎಂದರು ಶೆಟ್ಟರು. "ಮುಟ್ಟಿದಲ್ಲಿ ಅಲ್ಲ, ಮುಟ್ಟಿದ ಪಕ್ಕದಲ್ಲಿ ಬಿರುಕು. ಇಂಥ ವಿದ್ಯೆ ನಾನು ಎಲ್ಲಿಯೂ ನೋಡ್ಲಿಲ್ಲ."

"ಅಲ್ಲಿ ನಾ ಕೈನ ಹಚ್ಚಿಲ್ರಿ ಶೆಟ್ರ," ಎಂದರು ಬಸಪ್ಪ.

"ಅದೇ ಮಾರಾಯ ನಾನು ಹೇಳುದು. ಕೈ ಹಚ್ಚದೆ ಹಾಳು ಮಾಡಿದ್ದು ಹೇಗೆ ಅಂತ."

ಬಸಪ್ಪ ನನ್ನ ಕಡೆ ತಿರುಗಿದರು. "ಅಕ್ಕಾರ, ನೀವ ಒಡದು ನೋಡ್ರಿ. ಮಾಲಿನಾಗ ಕಸರ ಇದ್ರ ನಾಳೆನ ಇಂಡಿ ಗಾಡಿ ಹತ್ತತೀನಿ."

ಅಳೆಯುವ ಮೊದಲು ಮಾತಾಡಬಾರದು ಎಂಬುದು ನಮ್ಮಲ್ಲಿ ನಡೆದುಬಂದ ಕ್ರಮ.

ಮೊದಲು ಬಸಪ್ಪನವರ ಗಾರೆಯನ್ನೇ ಕೊರೆದು ತೆಗೆದೆವು. ಹೊಸದಾಗಿ ಒಡೆದ ಮುಖಕ್ಕೆ ಫಿನಾಲ್ಫ್ಥಲೀನ್ ಸಿಂಪಡಿಸಿದರೆ ಗಾಢ ಗುಲಾಬಿ ಬಂತು. ಆ ಬಣ್ಣ ಬಂದರೆ ಗಾರೆಯಲ್ಲಿ ಸುಣ್ಣದ ಗುಣ ಬಲವಾಗಿದೆ, ಅದರೊಳಗಿನ ಕಬ್ಬಿಣ ಕ್ಷೇಮವಾಗಿದೆ ಎಂದು ಅರ್ಥ. ಗಡಸುತನವೂ ಬೇಕಾದ್ದಕ್ಕಿಂತ ಹೆಚ್ಚಿತ್ತು. ಹಳೆಯ ಕಾಂಕ್ರೀಟಿನ ಪುಡಿಯಲ್ಲಿ ಮಾತ್ರ ಉಪ್ಪು ಸಿಕ್ಕಿತು. ಕಟ್ಟುವಾಗ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಮರಳು ಬಳಸಿರಬೇಕು; ಆ ಕಾಲದ ಎಷ್ಟೋ ಬಿಲ್ಡಿಂಗುಗಳಲ್ಲಿ ಅದು ಇದೆ. ಮೇಸ್ತ್ರಿಯ ಕೆಲಸದಲ್ಲಿ ದೋಷವಿಲ್ಲ ಎಂದು ಬರೆಯಲು ಇಷ್ಟು ಸಾಕಿತ್ತು. ಆದರೆ ಶೆಟ್ಟರ ಪ್ರಶ್ನೆ ಹಾಗೇ ಉಳಿಯುತ್ತಿತ್ತು. ಉಪ್ಪು ಮೊದಲೂ ಇತ್ತು, ಇಷ್ಟು ವರ್ಷ ಈ ಜಾಗ ಕೆಡಲಿಲ್ಲ. ದುರಸ್ತಿಯಾದ ಮೇಲೇ ಏಕೆ ಕೆಟ್ಟಿತು?

ಸರಳಿಗೆ ಕ್ಲಿಪ್ ಕಚ್ಚಿಸಿ ನಳಿಗೆ ಹಿಡಿದೆ. ದುರಸ್ತಿಯ ಮೇಲೆ ಶಾಂತ. ಅಂಚು ದಾಟಿದ ಕೂಡಲೇ ಅಂಕಿ ಕುಸಿಯಿತು, ಮೈನಸ್ ನಾನೂರು, ನಾನೂರೈವತ್ತು. ಇನ್ನೂ ದೂರ ಹೋದರೆ ಮತ್ತೆ ಶಾಂತ. ಅಂದರೆ ದುರಸ್ತಿಯ ಸುತ್ತ ಒಂದು ಉಂಗುರ.

ಆಮೇಲೆ ಇನ್ನೂ ದುರಸ್ತಿಯಾಗದ, ಸರಳು ಹೊರಗೆ ಕಾಣುವಷ್ಟು ಹಾಳಾದ ಒಂದು ಕಂಬಕ್ಕೆ ಹೋದೆ. ಅಲ್ಲಿ ಕೆಟ್ಟ ಜಾಗದ ಮೇಲೆ ಅಂಕಿ ಮೈನಸ್ಸಿನ ಆಳದಲ್ಲಿತ್ತು. ಅದರ ಪಕ್ಕದಲ್ಲಿ, ಅದೇ ಹಳೆಯ ಕಾಂಕ್ರೀಟಿನಲ್ಲಿ, ಅದೇ ಉಪ್ಪಿನಲ್ಲಿ, ಸರಳು ಶಾಂತವಾಗಿತ್ತು.

ನಳಿಗೆ ಕೈಯಲ್ಲಿ ಹಿಡಿದು ಅಲ್ಲೇ ನಿಂತೆ. ಈ ಸಂಗತಿಯನ್ನು ನಾನು ಓದಿದ್ದೆ, ಕಣ್ಣೆದುರು ಕಂಡಿರಲಿಲ್ಲ. ತುಕ್ಕನ್ನು ನಾವೆಲ್ಲ ಒಂದು ಜಾಗದ ರೋಗವೆಂದುಕೊಳ್ಳುತ್ತೇವೆ. ಅದು ಎರಡು ಜಾಗಗಳ ನಡುವಿನ ಕೊಡುಕೊಳ್ಳುವಿಕೆ. ಕೆಟ್ಟ ಜಾಗದ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಡುತ್ತ ಕರಗುತ್ತದೆ. ಆ ಎಲೆಕ್ಟ್ರಾನುಗಳು ಸರಳಿನೊಳಗೇ ಹರಿದು ಪಕ್ಕದ ಜಾಗಕ್ಕೆ ಬರುತ್ತವೆ. ಅಲ್ಲಿ ಕಾಂಕ್ರೀಟಿನೊಳಗಿನ ನೀರು ಮತ್ತು ಆಮ್ಲಜನಕ ಅವನ್ನು ತೆಗೆದುಕೊಳ್ಳುತ್ತವೆ. ತೆಗೆದುಕೊಳ್ಳುವಲ್ಲಿ ಕ್ಷಾರ ಹುಟ್ಟುತ್ತದೆ, ಕ್ಷಾರ ಆ ಜಾಗದ ಕಬ್ಬಿಣವನ್ನು ಕಾಯುತ್ತದೆ. ಇಷ್ಟು ವರ್ಷ ಪಕ್ಕದ ಸರಳು ಉಪ್ಪಿನಲ್ಲಿದ್ದೂ ಚೆನ್ನಾಗಿದ್ದದ್ದು, ಕೆಟ್ಟ ಜಾಗ ಅದರ ಪರವಾಗಿ ಸವೆಯುತ್ತಿದ್ದುದರಿಂದ. ಬಸಪ್ಪ ಆ ಜಾಗವನ್ನು ಉಜ್ಜಿ, ಒಳ್ಳೆಯ ಗಾರೆಯಲ್ಲಿ ಮುಚ್ಚಿದರು. ಕೊಡುವುದು ಅಲ್ಲಿಗೆ ನಿಂತಿತು. ಈಗ ಕೊಡುವ ಸರದಿ ಪಕ್ಕದ್ದಕ್ಕೆ ಬಂತು.

ಇದನ್ನು ವರದಿಯಲ್ಲಿ ಬರೆದರೆ ಸೊಸೈಟಿಯವರು ನಂಬುವುದಿಲ್ಲವೆಂದು ಗೊತ್ತಿತ್ತು. ಮೇಸ್ತ್ರಿಯನ್ನು ಉಳಿಸಲು ಕಟ್ಟಿದ ಕತೆಯಂತೆ ಕೇಳಿಸುತ್ತದೆ. ಭಾನುವಾರ ಸಭೆ ಇತ್ತು. ಕಣ್ಣಿಗೆ ತೋರಿಸುವುದೇ ಸರಿ ಎಂದುಕೊಂಡೆ.

ಶನಿವಾರ ಪ್ರಯೋಗಾಲಯದಲ್ಲಿ ಜೆಲ್ಲಿಗೆ ಬಳಸುವ ಚೈನಾ ಗ್ರಾಸ್ ಕುದಿಸಿ, ಉಪ್ಪು ಹಾಕಿ, ಅದಕ್ಕೆ ಎರಡು ದ್ರಾವಣ ಬೆರೆಸಿದೆ. ಒಂದು, ಕಬ್ಬಿಣ ಕರಗಿದಲ್ಲಿ ನೀಲಿ ತೋರಿಸುವಂಥದ್ದು. ಇನ್ನೊಂದು ಫಿನಾಲ್ಫ್ಥಲೀನ್, ಕ್ಷಾರ ಹುಟ್ಟಿದಲ್ಲಿ ಗುಲಾಬಿ ತೋರಿಸುವಂಥದ್ದು. ಮೂರು ಗಾಜಿನ ತಟ್ಟೆಗಳಲ್ಲಿ ಒಂದೊಂದು ಮೊಳೆ ಇಟ್ಟು ಮೇಲೆ ಸುರಿದು ಹೆಪ್ಪುಗಟ್ಟಿಸಿದೆ. ಮೊದಲನೆಯದು ಬರೀ ಮೊಳೆ. ಎರಡನೆಯದರ ತಲೆ ಮತ್ತು ತುದಿಗೆ ನೇಲ್ ಪಾಲಿಶ್ ಬಳಿದಿದ್ದೆ. ಮೂರನೆಯದಕ್ಕೆ ಸತುವಿನ ಪಟ್ಟಿ ಸುತ್ತಿದ್ದೆ.

ಸಭೆ ಅದೇ ಪಾರ್ಕಿಂಗಿನಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ಬಸಪ್ಪ ಕೂರಲಿಲ್ಲ, ತಾವು ದುರಸ್ತಿ ಮಾಡಿದ ಕಂಬಕ್ಕೆ ಒರಗಿ ನಿಂತರು. ತಟ್ಟೆಗಳನ್ನು ಮೇಜಿನ ಮೇಲಿಟ್ಟಾಗ ಶೆಟ್ಟರು ಬಗ್ಗಿ ನೋಡಿ, "ಇದೆಂತ ಮೇಡಂ, ಫಲೂದಾ ತಂದಿದ್ದೀರಾ?" ಎಂದರು. ಎಲ್ಲರೂ ನಕ್ಕರು.

"ಮಕ್ಕಳನ್ನು ದೂರ ಇಡಿ, ತಿನ್ನುವುದಲ್ಲ," ಎಂದೆ.

ಮೊದಲ ತಟ್ಟೆಯಲ್ಲಿ ಮೊಳೆಯ ತಲೆ ಮತ್ತು ತುದಿಯ ಸುತ್ತ ಕಡುನೀಲಿ, ನಡುಭಾಗದ ಉದ್ದಕ್ಕೂ ಗುಲಾಬಿ. ಒಂದೇ ಮೊಳೆ. ನೀಲಿ ಇದ್ದಲ್ಲಿ ಕಬ್ಬಿಣ ಕೊಡುತ್ತಿತ್ತು, ಅದು ಉತ್ಕರ್ಷಣ. ಗುಲಾಬಿ ಇದ್ದಲ್ಲಿ ನೀರು ಮತ್ತು ಗಾಳಿ ತೆಗೆದುಕೊಳ್ಳುತ್ತಿದ್ದವು, ಅದು ಅಪಕರ್ಷಣ. ನಾನು ಬಾಯಿಪಾಠ ಮಾಡಿದ್ದ ಎರಡು ಪದಗಳು ಒಂದು ಬೆರಳುದ್ದದ ಕಬ್ಬಿಣದ ಮೇಲೆ ಅಕ್ಕಪಕ್ಕ ಬಣ್ಣವಾಗಿ ನಿಂತಿದ್ದವು.

"ತುದಿ ಸವೆಯುತ್ತಿರುವುದರಿಂದ ನಡುಭಾಗ ಚೆನ್ನಾಗಿದೆ," ಎಂದೆ. "ಈಗ ತುದಿಗಳನ್ನು ನಾವು ಒಳ್ಳೆಯ ಬಣ್ಣ ಹಾಕಿ ಮುಚ್ಚಿದೆವು ಅಂದುಕೊಳ್ಳಿ." ಎರಡನೇ ತಟ್ಟೆಯನ್ನು ಮುಂದೆ ತಳ್ಳಿದೆ. ಬಣ್ಣ ಬಳಿದ ತುದಿಗಳು ಹೊಳೆಯುತ್ತಿದ್ದವು. ನೀಲಿ, ಬಣ್ಣ ಮುಗಿದ ಅಂಚಿನ ಪಕ್ಕಕ್ಕೇ ಬಂದು ಕೂತಿತ್ತು.

ಶೆಟ್ಟರು ತಟ್ಟೆ ನೋಡಿದರು, ಕಂಬ ನೋಡಿದರು, ಮತ್ತೆ ತಟ್ಟೆ ನೋಡಿದರು.

ಕಂಬದ ಹತ್ತಿರದಿಂದ ಬಸಪ್ಪ ಕೇಳಿದರು, "ಹಂಗಾರ ಅಕ್ಕಾರ, ನಾ ಚಂದ ಮಾಡಿದ್ದಕ್ಕನ ಬಾಜೂದು ಕೆಟ್ಟತೇನ್ರಿ?"

"ಹೌದು ಬಸಪ್ಪನವರೇ. ನಿಮ್ಮ ಕೆಲಸ ಚೆನ್ನಾಗಿತ್ತು. ಅಳೆದು ನೋಡಿದ್ದೇನೆ."

"ಅಂದ್ರೆ ಇನ್ಮೇಲೆ ಕೆಟ್ಟ ಕೆಲಸ ಮಾಡ್ಲಿಕ್ಕೆ ಹೇಳ್ಬೇಕಾ?" ಎಂದರು ಶೆಟ್ಟರು. ಈ ಸಲ ನಗು ಬಂದರೂ ಅದರಲ್ಲಿ ಪ್ರಶ್ನೆ ಇತ್ತು.

ಮೂರನೇ ತಟ್ಟೆ ಅದಕ್ಕೆ ಉತ್ತರ. ಸತು ಸುತ್ತಿದ ಮೊಳೆಯ ಮೇಲೆ ಎಲ್ಲಿಯೂ ನೀಲಿ ಇರಲಿಲ್ಲ, ಉದ್ದಕ್ಕೂ ಗುಲಾಬಿ. ಸತುವಿನ ಸುತ್ತ ಮಾತ್ರ ಬೆಳ್ಳಗೆ ಮಸುಕು. ಕಬ್ಬಿಣಕ್ಕಿಂತ ಬೇಗ ಎಲೆಕ್ಟ್ರಾನ್ ಕೊಡುವ ಲೋಹ ಅದು. ದುರಸ್ತಿಯ ಅಂಚಿನಲ್ಲಿ ಗಾರೆಯ ಬಿಲ್ಲೆಯೊಳಗೆ ಸತು ಇಟ್ಟು ಸರಳಿಗೆ ಕಟ್ಟಿದರೆ, ಕೊಡುವ ಕೆಲಸವನ್ನು ಅದು ವಹಿಸಿಕೊಳ್ಳುತ್ತದೆ, ಪಕ್ಕದ ಸರಳು ಸುಮ್ಮನಿರುತ್ತದೆ.

"ಸತು ಮುಗಿದ ಮೇಲೆ?" ಎಂದು ಒಬ್ಬರು ಕೇಳಿದರು.

"ಮತ್ತೆ ಇಡಬೇಕು. ಕೆಲವು ವರ್ಷ ಬರುತ್ತದೆ."

"ಅಷ್ಟರಲ್ಲಿ ರೀಡೆವಲಪ್‌ಮೆಂಟ್ ಆಗ್ತದೆ ಬಿಡಿ," ಎಂದು ಹಿಂದಿನ ಸಾಲಿನಿಂದ ಇನ್ನೊಬ್ಬರು. ಆ ಮಾತು ಮುಂಬಯಿಯ ಪ್ರತಿ ಸೊಸೈಟಿ ಸಭೆಯಲ್ಲೂ ಬರುತ್ತದೆ.

ನೋಟಿಸ್ ಬೋರ್ಡಿಗೆ ಹೆಸರು ಹಾಕುವ ಠರಾವನ್ನು ಅಂದು ತಡೆಹಿಡಿದರು. ರದ್ದು ಮಾಡಲಿಲ್ಲ. ಬಿರಿದ ಅಂಚನ್ನು ಒಡೆದು ತೆಗೆದು ಸತು ಇಡುವ ಕೆಲಸವನ್ನು ಬಸಪ್ಪನವರಿಗೇ ಕೊಟ್ಟ ಶೆಟ್ಟರು, "ನೋಡುವ. ಎರಡು ಮಳೆಗಾಲ ಕಳೀಲಿ," ಎಂದರು. ಉಳಿದ ಸೊಸೈಟಿಗಳೂ ಅದನ್ನೇ ಹೇಳಿದವು. ಆ ಎರಡು ಮಳೆಗಾಲ ಕಾಲನಿಯಲ್ಲಿ ಬಸಪ್ಪನವರಿಗೆ ಬೇರೆ ಕೆಲಸ ಸಿಗಲಿಲ್ಲ. ತಂಡದ ಅರ್ಧ ಜನ ಭಿವಂಡಿಯ ಕಡೆ ಹೋದರೆಂದು ಆಮೇಲೆ ಕೇಳಿದೆ. ಅವರು ಮಾತ್ರ ಗೋರೆಗಾಂವ್ ಬಿಡಲಿಲ್ಲ.

ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ನಿವೃತ್ತಳಾಗಿದ್ದೆ. ಶೆಟ್ಟರು ಫೋನ್ ಮಾಡಿ, "ಒಮ್ಮೆ ಬಂದು ಹೋಗಿ ಮೇಡಂ, ಆಫೀಸಿನಿಂದ ಅಲ್ಲ, ಹೀಗೇ," ಎಂದರು. ಹೋದೆ. ಕಂಬಗಳಲ್ಲಿ ಹೊಸ ಬಿರುಕಿರಲಿಲ್ಲ. ನನ್ನ ಹತ್ತಿರ ಯಂತ್ರವಿಲ್ಲದ್ದರಿಂದ ಕಣ್ಣಿಗೆ ಕಂಡದ್ದನ್ನಷ್ಟೇ ಹೇಳಿದೆ.

ಬಸಪ್ಪನವರಿಗೆ ಅಷ್ಟು ಸಾಲಲಿಲ್ಲ. "ಒಂದ ಜಾಗಾ ಒಡದು ನೋಡೂಣ್ರಿ."

"ಚಂದ ಇದ್ದ ಕಂಬ ಯಾಕೆ ಮಾರಾಯ ಒಡೀತಿ?" ಎಂದರು ಶೆಟ್ಟರು.

"ಒಳಗ ಏನಾಗೇತಿ ನಾ ನೋಡಬೇಕ್ರಿ. ಹೊಳ್ಳಿ ಮುಚ್ಚಿ ಕೊಡ್ತೀನಿ."

ದುರಸ್ತಿಯ ಅಂಚಿನಲ್ಲಿ ಉಳಿ ಇಟ್ಟು ಅಂಗೈ ಅಗಲದಷ್ಟು ಬಿಡಿಸಿದರು. ಬಿಲ್ಲೆ ಸಿಕ್ಕಿತು. ಅದರ ಗಾರೆಯನ್ನು ಒಂದು ಬದಿಯಲ್ಲಿ ಮೆಲ್ಲಗೆ ಕೆತ್ತಿದರು. ಸತುವಿನ ಮೇಲೆ ಬಿಳಿಯ ಪುಡಿ ದಪ್ಪಗೆ ಕೂತಿತ್ತು. ಬೆರಳಿನಿಂದ ಒರೆಸಿದಾಗ ಕಂಡ ಲೋಹ ಹುಳು ತಿಂದಂತೆ ಕುಳಿಬಿದ್ದಿತ್ತು. ಅದಕ್ಕೆ ಕಟ್ಟಿದ್ದ ಸರಳಿನ ಮೇಲೆ ಬಸಪ್ಪ ಎರಡು ವರ್ಷದ ಹಿಂದೆ ಸತು ಕಟ್ಟುವಾಗ ತಂತಿ ಬ್ರಶ್ಶಿನಲ್ಲಿ ಉಜ್ಜಿದ ಗೆರೆಗಳು ಹಾಗೇ ಇದ್ದವು. ಅಂಚು ದಾಟಿ ಹಳೆಯ ಕಾಂಕ್ರೀಟಿನೊಳಗೆ ಹೋಗುವ ಸರಳೂ ಕಪ್ಪಗೆ, ಒಣಗಿ, ಏನೂ ಆಗದಂತೆ ಇತ್ತು.

ಶೆಟ್ಟರು ಮೊಬೈಲಿನ ಬೆಳಕು ಹಿಡಿದಿದ್ದರು. ಮೂವರೂ ಆ ಸಣ್ಣ ಗುಳಿಯನ್ನು ನೋಡುತ್ತ ನಿಂತೆವು. ಮಳೆ, ಉಪ್ಪು, ಸಮುದ್ರದ ಗಾಳಿ ಎಲ್ಲವೂ ಬಂದು ಹೋಗಿದ್ದವು. ಅಷ್ಟು ದಿನವೂ ಒಂದು ಲೋಹ ಇನ್ನೊಂದರ ಪಾಲಿನದ್ದನ್ನು ಸದ್ದಿಲ್ಲದೆ ಕೊಡುತ್ತ ಬಂದಿತ್ತು. ನನ್ನ ಕೆಲಸದ ಜೀವನದಲ್ಲಿ ಅಳೆದದ್ದೆಲ್ಲ ಅಂಕಿಯಾಗಿತ್ತು. ಅಂಕಿಯ ಹಿಂದಿನ ವಸ್ತುವನ್ನು ಹೀಗೆ ಬಿಚ್ಚಿ ನೋಡಿದ್ದು ಅದೊಂದೇ ಸಲ.

"ಮುಚ್ಚು ಮಾರಾಯ, ಗಾಳಿ ಬೀಳುದು ಬೇಡ," ಎಂದರು ಶೆಟ್ಟರು.

ಬಸಪ್ಪ ಗಾರೆ ಕಲೆಸತೊಡಗಿದರು. ಶೆಟ್ಟರು ಬೆಳಕು ಆರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಆ ಠರಾವು ಮೊನ್ನೆ ರದ್ದಾಯ್ತು," ಎಂದರು. "ಎದುರಿನ ಬಿಲ್ಡಿಂಗಿನವರು ನಿನ್ನ ನಂಬರ್ ಕೇಳಿದ್ರು. ಕೊಟ್ಟಿದ್ದೇನೆ. ಆಚೆ ಎರಡು ಬಿಲ್ಡಿಂಗಿನವರಿಗೂ ಕೊಟ್ಟೆ. ನಿನ್ನನ್ನು ಕೇಳ್ಲಿಲ್ಲ."

ಬಸಪ್ಪ ತಿರುಗಿ ನೋಡಲಿಲ್ಲ. ಕರಣಿಯಿಂದ ಗಾರೆಯನ್ನು ಗುಳಿಯೊಳಕ್ಕೆ ಒತ್ತಿ, ಹೆಬ್ಬೆರಳಿನಿಂದ ಅಂಚು ಸರಿಮಾಡಿದರು.

"ಮದ್ಲ ಸತು ತರಸಾಕ ಹೇಳ್ರಿ ಅವರಿಗೆ," ಎಂದರು.